ಸದರಿ ತಂದ ಪಜೀತಿ

ನನ್ನ ಮೊದಲ ಕೆಲಸ ಹೆಣ್ಣು-ಗಂಡುಗಳನ್ನು ಕಂಪ್ಯೂಟರಿಗೆ ಹತ್ತಿಸುವುದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಬ್ಬ ನಿವೃತ್ತ ಮೇಷ್ಟರು ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿದ್ದರು. ಅವರ ಮೂರು ದಪ್ಪ ರಿಜಿಸ್ಟರುಗಳನ್ನು ಡೇಟಾಬೇಸ್ ಮಾಡಿಕೊಡಲು ಮೂರು ತಿಂಗಳ ಮಟ್ಟಿಗೆ ನನ್ನನ್ನು ತೆಗೆದುಕೊಂಡರು. ಮೆಚ್ಚಿಗೆಯಾದರೆ ಕಾಯಂ. ಆಗದಿದ್ದರೆ ನನ್ನ ಗತಿ ಏನೆಂದು ಅವ್ವ ಮೊದಲೇ ಹೇಳಿದ್ದಳು: "ಕೆಲಸ ಹೋದ ದಿನನೇ ನಿನ್ನ ಹೆಸರೂ ಅದೇ ರಿಜಿಸ್ಟರ್‌ನಾಗೆ ಬರೆಸ್ತೀನಿ ನೋಡು."

ಮೇಷ್ಟರಿಗೆ ಬರೆಯುವುದೆಂದರೆ ಬೇಸರ. ಮೇಲಿನ ಸಾಲಿನದೇ ಕೆಳಗೂ ಬಂದರೆ 'ಸದರಿ' ಎಂದು ಗೀಚಿ ಮುಗಿಸುತ್ತಿದ್ದರು. ಊರು ಸದರಿ, ಎತ್ತರ ಸದರಿ, ಬಣ್ಣ ಸದರಿ. ಕೊನೆಗೆ ವಧುವೋ ವರನೋ ಎಂಬ ಕಾಲಮ್ಮಿನಲ್ಲೂ ಸದರಿ. ನಾನು ಪರಮ ನಿಷ್ಠೆಯಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನೇ ಕುಟ್ಟಿದೆ. ಕ್ರಮಸಂಖ್ಯೆಯನ್ನು ಮಾತ್ರ ಬಿಟ್ಟೆ. ಎಣಿಸಲು ಕಂಪ್ಯೂಟರಿಗೆ ಬರುವುದಿಲ್ಲವೇ ಎಂಬ ಅತಿಬುದ್ಧಿ. ಟೈಪಿಂಗ್ ಮುಗಿದ ಸಂಜೆಯೇ ಮೇಷ್ಟರು "ಕಂಪ್ಯೂಟರ್ ಬಂದ ಮ್ಯಾಲೆ ಈ ಕಸ ಯಾಕ ಬೇಕ್ರಿ?" ಎಂದು ಮೂರೂ ರಿಜಿಸ್ಟರನ್ನು ಮಂಡಕ್ಕಿ-ಮಿರ್ಚಿ ಗಾಡಿಯವನಿಗೆ ಕೊಟ್ಟುಬಿಟ್ಟರು.

ಮರುದಿನ ನಾನು ಕೈಚಳಕ ತೋರಿಸಲು ಹೆಸರುಗಳನ್ನೆಲ್ಲ ಅಕ್ಷರಾನುಕ್ರಮದಲ್ಲಿ ಜೋಡಿಸಿ ಹಳೆಯ ಫೈಲಿನ ಮೇಲೆಯೇ ಸೇವ್ ಮಾಡಿದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಕೇಳುವವಳಲ್ಲ ನಾನು.

ವಾರದಲ್ಲಿ ಹರಿಹರದಿಂದ ಒಬ್ಬ ತಂದೆ ಬಂದಿಳಿದರು. ಕೈಯಲ್ಲಿ ನಾವು ಅಂಚೆಗೆ ಹಾಕಿದ್ದ ಪಟ್ಟಿ.

"ಏನ್ರಿ ಮೇಷ್ಟ್ರೇ, ನನ್ನ ಮಗನಿಗೆ ಗಂಡು ಹುಡುಕೀರಲ್ರೀ! ಅದೂ ಒಂದಲ್ಲ, ಎಂಟು!"

ಆ ಮಗನ ಸಾಲಿನಲ್ಲಿ ಹೆಸರು, ವಿಳಾಸ ಬಿಟ್ಟರೆ ಎಲ್ಲವೂ ಸದರಿ. ಜೋಡಣೆಯಾದ ಮೇಲೆ ಅವನ ತಲೆಯ ಮೇಲೆ ಬಂದು ಕೂತವಳು ಸರಸ್ವತಿ ನಗರದ ಹುಡುಗಿ. ಹೀಗಾಗಿ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ಮೀಸೆಯ ಆಸಾಮಿ ಐದಡಿ ಎರಡಿಂಚಿನ, ಎಣ್ಣೆಗೆಂಪು ಬಣ್ಣದ, ಹೊಲಿಗೆ ಬಲ್ಲ ವಧುವಾಗಿದ್ದ. ಎಂಟು ವರಗಳನ್ನು ಆರಿಸಿದ್ದು ನಾನೇ.

ಅವರು ಹೋದ ಮೇಲೆ ಮೇಷ್ಟರು ಹೇಳಿದರು: "ಎಂಟು ದಿನದಾಗೆ ಸರಿ ಮಾಡ್ರಿ. ಇಲ್ಲಾಂದ್ರೆ ಬ್ಯಾರೆ ಕೆಲಸ ನೋಡ್ಕೊಳ್ರಿ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಸದರಿ ಬರೆದವರು ಇವರು, ಬೀದಿ ಸುತ್ತುವವಳು ನಾನು. ರಿಜಿಸ್ಟರೂ ಇಲ್ಲ, ಕ್ರಮಸಂಖ್ಯೆಯೂ ಇಲ್ಲ; ಯಾವ ಸದರಿ ಏನೆಂದು ಮನೆಮನೆಗೆ ಹೋಗಿಯೇ ಕೇಳಬೇಕು. ಮನೆ ನಂಬರು, ಬೀದಿ ಇದ್ದವು, ಊರು ಸದರಿ. ದಾವಣಗೆರೆಯಲ್ಲಿ ಸಿಗದ ಮನೆಯನ್ನು ಬಸ್ಸು ಹತ್ತಿ ಹರಿಹರದಲ್ಲಿ ಹುಡುಕಿದೆ. ಹೋದಲ್ಲೆಲ್ಲ "ಬರ್ರಿ, ಕೂಡ್ರಿ" ಎಂಬ ಉಪಚಾರಕ್ಕೇನೂ ಕಡಿಮೆಯಿರಲಿಲ್ಲ. ಒಬ್ಬ ತಾಯಿ "ಐದಡಿ ಎಂಟಿಂಚು ಅಂತ ಬರ್ಕೊಳ್ರಿ" ಎಂದಳು. ಹುಡುಗ ಪಕ್ಕದಲ್ಲೇ ನಿಂತಿದ್ದ. ನಾನು ಟೇಪು ಹಿಡಿದೆ: ಐದಡಿ ನಾಲ್ಕು.

"ಬೆಳೀತಾನೆ ಬಿಡ್ರಿ" ಎಂದಳು ತಾಯಿ. ವಯಸ್ಸು ಮೂವತ್ತೊಂದು.

ಏಳನೆಯ ದಿನ ಪ್ರತಿ ಸಾಲೂ ತುಂಬಿತು. ಕ್ರಮಸಂಖ್ಯೆ ಹಾಕಿದೆ. ಎರಡು ಫ್ಲಾಪಿ ಮಾಡಿ ಒಂದನ್ನು ಆಫೀಸಿನಲ್ಲಿ, ಇನ್ನೊಂದನ್ನು ನಮ್ಮ ಮನೆಯ ಟ್ರಂಕಿನಲ್ಲಿ ಇಟ್ಟೆ. ಆಮೇಲೆ ಮೇಷ್ಟರಿಗೇ ಪಾಠ ಹೇಳಿದೆ: "ಪ್ರತಿ ಸಾಲೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಸಾರ್. ಇನ್ಮುಂದೆ ಸದರಿ ಅನ್ನೋದು ಬ್ಯಾಡ."

"ಆತು ಬಿಡ್ರಿ, ನೀವು ಹೇಳಿದಂಗೇ ಆಗ್ಲಿ" ಎಂದು ಮೇಷ್ಟರು ಸಿಬ್ಬಂದಿಯ ಹೊಸ ರಿಜಿಸ್ಟರ್ ತೆರೆದರು. ಮೊದಲ ಸಾಲಿನಲ್ಲಿ ತಮ್ಮ ಹೆಸರು: ಹುದ್ದೆ ಮಾಲೀಕರು, ಲಿಂಗ ಪುರುಷ, ವಯಸ್ಸು ಅರವತ್ತೆರಡು. ಎರಡನೆಯ ಸಾಲಿನಲ್ಲಿ ನನ್ನ ಹೆಸರು ಬರೆದು, ಮುಂದೆ 'ಕಾಯಂ' ಎಂದು ಬರೆದರು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಸಲೀಸಾಗಿ ಮುಂದುವರಿಸಿದರು: ಹುದ್ದೆ ಸದರಿ, ಲಿಂಗ ಸದರಿ, ವಯಸ್ಸು ಸದರಿ.

ಹುಟ್ಟುಗುಣ ಸುಟ್ಟರೂ ಹೋಗದು. ಅವರು ಊಟಕ್ಕೆ ಎದ್ದು ಹೋದ ಮೇಲೆ ಪೆನ್ನು ಎತ್ತಿಕೊಂಡೆ. ವಯಸ್ಸು ತಿದ್ದಿದೆ. ಲಿಂಗವನ್ನೂ ತಿದ್ದಿದೆ. ಹುದ್ದೆಯನ್ನು ಮಾತ್ರ ಹಾಗೇ ಬಿಟ್ಟೆ.