ಹೆಡ್‌ಮಿಸ್ ಬಾಗಿಲು ಬದಲಿಸಿದ ವರ್ಷ

ಎಂಟು ಮೇಜಿನ ಆ ಸಣ್ಣ ಬಾರಿಗೆ ಬರುವವರೆಲ್ಲ ಅದರ ಒಡತಿಯನ್ನು ಹೆಡ್‌ಮಿಸ್ ಎಂದೇ ಕರೆಯುತ್ತಿದ್ದರು. ಆಕೆ ಓದಿದ್ದು ಏಳನೇ ತರಗತಿಯವರೆಗೆ. ಆದರೆ ಆಕೆಯ ಕೈಕೆಳಗೆ ಯಾರಿಗೂ ಮೂರು ಗ್ಲಾಸಿನ ಮೇಲೆ ನಾಲ್ಕನೆಯದು ಸಿಗುತ್ತಿರಲಿಲ್ಲ. "ಸಾಕು, ಪುಸ್ತಕ ಮುಚ್ಚು, ಮನೆಗೆ ನಡಿ" ಎಂದು ಗ್ಲಾಸನ್ನು ಎತ್ತಿಕೊಂಡು ಹೋಗುತ್ತಿದ್ದಳು. ಗಡ್ಡ ನರೆತ ಲಾರಿ ಡ್ರೈವರುಗಳೂ ತುಟಿ ಪಿಟಕ್ಕೆನ್ನದೆ ಎದ್ದು ಹೋಗುತ್ತಿದ್ದರು.

ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಅಂದಿನಿಂದ ಲೈಸೆನ್ಸ್ ಆಕೆಯ ಹೆಸರಿನಲ್ಲಿತ್ತು. ಅಡುಗೆಮನೆ ಮೈದುನನ ಸುಪರ್ದಿಯಲ್ಲಿತ್ತು. ಒಂದು ವರ್ಷವೂ ತಪ್ಪದೆ ಲೈಸೆನ್ಸ್ ನವೀಕರಿಸಿಕೊಂಡು ಬಂದವಳಿಗೆ, ಐವತ್ತೇಳನೆಯ ವಯಸ್ಸಿನಲ್ಲಿ ಒಂದು ಬಾಗಿಲು ಹೀಗೆ ಗಂಟುಬೀಳುತ್ತದೆಂದು ಕನಸಿನಲ್ಲೂ ಅನಿಸಿರಲಿಲ್ಲ.

ಆ ವರ್ಷ ಸರ್ಕಾರ ಮದ್ಯದಂಗಡಿಗಳ ಕಾನೂನನ್ನು ತಿದ್ದಿತು. ಮದ್ಯ ಕೊಡುವ ಜಾಗದ ಬಾಗಿಲಿಗೂ ಶಾಲೆಯ ಗೇಟಿಗೂ ನಡುವೆ, ನಡೆದು ಹೋಗುವ ದಾರಿಯಲ್ಲಿ ಅಳೆದರೆ, ನೂರು ಮೀಟರ್ ಇರಲೇಬೇಕು. ಅಬಕಾರಿ ಕಚೇರಿಯ ಗುಮಾಸ್ತ ಟೇಪು ಹಿಡಿದು ಬಂದು ಅಳೆದ. ತೊಂಬತ್ತೆರಡು ಬಂತು.

"ಹತ್ತೊಂಬತ್ತು ವರ್ಷದಿಂದ ಶಾಲೆ ಅಲ್ಲೇ ಇದೆ, ನಾನು ಇಲ್ಲೇ ಇದೀನಿ. ನಾವಿಬ್ರೂ ಒಂದು ಹೆಜ್ಜೆ ಅಲ್ಲಾಡಿಲ್ಲ" ಎಂದಳು ಹೆಡ್‌ಮಿಸ್.

"ಕಾನೂನು ಅಲ್ಲಾಡಿದೆಯಲ್ಲಮ್ಮ" ಎಂದ ಗುಮಾಸ್ತ. ಕೆಟ್ಟವನೇನಲ್ಲ. ಟೇಪನ್ನು ಸುತ್ತುತ್ತಾ ಅವನೇ ದಾರಿ ತೋರಿಸಿದ. "ಈ ಬಾಗಿಲು ಮುಚ್ಚಿಬಿಡಿ. ಪಕ್ಕದ ಓಣಿ ಕಡೆಗೆ ಒಂದು ಬಾಗಿಲು ಮಾಡಿಸಿ. ಬಳಸಿಕೊಂಡು ಬಂದ್ರೆ ನೂರೆಂಟು ಮೀಟರ್ ಆಗತ್ತೆ. ಬಾಗಿಲು ಬದಲಿಸ್ತೀನಿ ಅಂತ ಒಂದು ಅರ್ಜಿ ಕೊಡಿ, ಸೀಲು ಹಾಕಿಸಿಕೊಡ್ತೀನಿ."

ಹಾಗೇ ಆಯಿತು. ಎರಡು ಬೀದಿ ಆಚೆಯ ಗಾರೆಯವನು ಬಂದ. ಮಾತು ಜಾಸ್ತಿ, ಕೆಲಸ ನಿಧಾನ. ಒಂದು ವಾರ ಅಂಗಡಿಯ ತುಂಬ ಧೂಳು. ಓಣಿಯ ಕಡೆ ಗೋಡೆ ಒಡೆದು ಹೊಸ ಬಾಗಿಲು ಕೂರಿಸಿದ. ಮುಂದಿನ ಬಾಗಿಲಿದ್ದ ಕಡೆ ಗಿಲಾವು ಮಾಡಿ ಸುಣ್ಣ ಬಳಿದ. ಹಳೇ ಗಿರಾಕಿಗಳು ಒಂದು ತಿಂಗಳು ಆ ಗೋಡೆಯ ಮುಂದೆ ಬಂದು ನಿಂತು, ತಲೆ ಕೆರೆದುಕೊಂಡು, ಆಮೇಲೆ ಓಣಿಗೆ ತಿರುಗುತ್ತಿದ್ದರು.

ಎಂಟು ತಿಂಗಳಿಗೆ ಕಾನೂನಿಗೆ ಮತ್ತೊಂದು ತಿದ್ದುಪಡಿ ಬಂತು. ಬೆಂಕಿ ನಂದಿಸುವ ವಾಹನ ಬರಬೇಕಾದ್ದರಿಂದ ಬಾಗಿಲು ಇಪ್ಪತ್ತು ಅಡಿಗಿಂತ ಅಗಲವಾದ ರಸ್ತೆಗೇ ತೆರೆಯಬೇಕು. ಓಣಿಯ ಅಗಲ ಹದಿನಾಲ್ಕು ಅಡಿ. ನವೀಕರಣಕ್ಕೆ ಹೋದ ಹೆಡ್‌ಮಿಸ್‌ಗೆ ಗುಮಾಸ್ತ ಇದನ್ನು ಓದಿ ಹೇಳಿದಾಗ, ಆಕೆ ಕುರ್ಚಿ ಎಳೆದುಕೊಂಡು ಕೂತಳು.

"ಓಣಿಗೆ ಇಟ್ರೆ ರಸ್ತೆ ಸಣ್ಣದು. ರಸ್ತೆಗೆ ಇಟ್ರೆ ಶಾಲೆ ಹತ್ತಿರ. ಏನಪ್ಪಾ, ಹೆಂಚು ತೆಗೆದು ಮೇಲಿನಿಂದ ಇಳಿಸಿಕೊಳ್ಳಲಾ ಗಿರಾಕಿಗಳನ್ನ?"

ಗುಮಾಸ್ತ ನಗಲಿಲ್ಲ. ಪುಟ ತಿರುವಿದ. "ಒಂದು ವಿನಾಯ್ತಿ ಇದೆ. ಹತ್ತು ವರ್ಷಕ್ಕಿಂತ ಹಳೇ ಅಂಗಡಿಗಳಿಗೆ ಶಾಲೆಯ ದೂರದ ನಿಯಮ ಇನ್ನು ಅನ್ವಯ ಆಗಲ್ಲ."

"ಮತ್ತಿನ್ನೇನು? ನನ್ನದು ಹತ್ತೊಂಬತ್ತು."

"ಆದರೆ ಬಾಗಿಲು ಮೊದಲು ಎಲ್ಲಿತ್ತೋ ಅಲ್ಲೇ ಇರಬೇಕು. ಬದಲಿಸಿದವರಿಗೆ ವಿನಾಯ್ತಿ ಇಲ್ಲ." ಅವನ ದನಿ ತಗ್ಗಿತು. "ನೀವು ಬದಲಿಸಿದ್ದೀರಿ. ಫೈಲಿನಲ್ಲಿ ಸೀಲಿದೆ."

ಆ ಸೀಲು ಹಾಕಿಸಿದವನು ಅವನೇ. ಅದು ಇಬ್ಬರಿಗೂ ಗೊತ್ತಿತ್ತು. ಹೆಡ್‌ಮಿಸ್ ಚೀಲ ಎತ್ತಿಕೊಂಡು ಎದ್ದುಬಂದಳು. ಕಾನೂನನ್ನು ಲೆಕ್ಕಿಸದೆ ಕೈಕಟ್ಟಿ ಕೂತಿದ್ದ, ಅದೇ ಬೀದಿಯ ಇನ್ನೊಂದು ಬಾರಿಗೆ ವಿನಾಯ್ತಿ ಸಿಕ್ಕಿತ್ತು. ಹೇಳಿದ ಮಾತು ಕೇಳಿದವಳ ಮದ್ಯದ ಕಪಾಟಿಗೆ ಬೀಗ ಬಿತ್ತು.

ಐದು ತಿಂಗಳು ಬಾಟಲಿಗಳೆಲ್ಲ ಸೀಲಾಗಿ ಕಪಾಟಿನಲ್ಲಿ ಕೂತವು. ಮೈದುನನಿಗೆ ಸುಮ್ಮನೆ ಕೂತು ಗೊತ್ತಿಲ್ಲ. "ಅತ್ತಿಗೆ, ಒಲೆಗೆ ಅಬಕಾರಿಯವರ ಲೈಸೆನ್ಸ್ ಬೇಡವಲ್ಲ" ಎಂದು ಓಣಿಯ ಬಾಗಿಲಿನಿಂದಲೇ ಮಧ್ಯಾಹ್ನದ ಊಟ ಶುರುಮಾಡಿದ. ಮೊದಲ ವಾರ ನಾಲ್ಕು ಜನ ಬಂದರು. ಆಮೇಲೆ ಶಾಲೆಯ ಟೀಚರುಗಳು ಇಬ್ಬಿಬ್ಬರಾಗಿ ಬರತೊಡಗಿದರು. ಇಷ್ಟು ವರ್ಷ ಆ ಕಡೆ ಕತ್ತು ಹೊರಳಿಸಿಯೂ ನೋಡದಿದ್ದವರು ಅನ್ನ, ಸಾರು, ಹುರಿದ ಮೀನು ಉಂಡು, ಕೈತೊಳೆದು, "ಇಷ್ಟು ಹತ್ತಿರ ಇದ್ರೂ ಗೊತ್ತೇ ಇರಲಿಲ್ಲ ನೋಡಿ" ಎಂದು ಹೋಗುತ್ತಿದ್ದರು. ಹೆಡ್‌ಮಿಸ್‌ಗೆ ಸಂತೋಷವೂ ಆಯಿತು, ಹೊಟ್ಟೆ ಉರಿಯೂ ಆಯಿತು.

ಈ ನಡುವೆ ಆಕೆ ಮೇಲಧಿಕಾರಿಗೆ ಮನವಿ ಸಲ್ಲಿಸಿದ್ದಳು. ವಿಚಾರಣೆಯ ಮೊದಲ ದಿನ ಅಧಿಕಾರಿ ರಜೆ. ಎರಡನೆಯ ದಿನ ಫೈಲು ಕಾಣೆ. ಮೂರನೆಯ ದಿನ ಅಧಿಕಾರಿಯೂ ಇದ್ದರು, ಫೈಲೂ ಇತ್ತು. ಬಾಗಿಲನ್ನು ಯಾವಾಗ, ಯಾಕೆ ಮುಚ್ಚಿದ್ದೆಂದು ಸಾಕ್ಷಿ ಹೇಳಲು ಆಕೆ ಗಾರೆಯವನನ್ನೂ ಎಳೆದುಕೊಂಡು ಹೋಗಿದ್ದಳು.

ಅಧಿಕಾರಿ ಕನ್ನಡಕ ಏರಿಸಿ, "ಮುಂದಿನ ಬಾಗಿಲು ತೆಗೆದು ಗೋಡೆ ಕಟ್ಟಿಸಿದ್ದೀನಿ ಅಂತ ನೀವೇ ಬರೆದುಕೊಟ್ಟಿದ್ದೀರಿ" ಎಂದರು.

"ಬರೆಸಿದ್ದು ನಿಮ್ಮ ಕಚೇರಿ ಸಾರ್. ನೀವು ಹೇಳಿದ ಹಾಗೆ ಮಾಡಿದ್ದೇ ತಪ್ಪು ಅಂದ್ರೆ, ಮಾಡದೆ ಇದ್ದಿದ್ರೂ ತಪ್ಪಾಗ್ತಿತ್ತು. ಸರಿ ಅನ್ನೋದು ಯಾವ ಬಾಗಿಲಲ್ಲಿದೆ, ನೀವೇ ಹೇಳಿ."

ಅಧಿಕಾರಿ ಮತ್ತೆ ಫೈಲು ತಿರುವುತ್ತಿರುವಾಗ ಗಾರೆಯವನು ಕೆಮ್ಮಿದ. "ಸಾರ್, ಬಾಗಿಲು ತೆಗೆದಿಲ್ಲ."

"ಏನಂದೆ?" ಹೆಡ್‌ಮಿಸ್ ಅವನತ್ತ ತಿರುಗಿದಳು.

"ಬೈಬೇಡಿ ಅಕ್ಕ. ಚೌಕಟ್ಟೂ ಇದೆ, ಬಾಗಿಲೂ ಇದೆ. ಎರಡೂ ಕಡೆ ಹಲಗೆ ಹೊಡೆದು, ಜಾಲರಿ ಬಡಿದು, ಮೇಲೆ ಗಿಲಾವು ಮಾಡಿದ್ದೆ ಅಷ್ಟೇ."

"ಇಟ್ಟಿಗೆ ಕಟ್ಟಿದೀನಿ ಅಂತ ನನ್ನ ಮುಂದೆ ನಿಂತು ಹೇಳಿದ್ಯಲ್ಲೋ."

"ಹೇಳಿದ್ದೆ. ಆದ್ರೆ ಈ ಇಲಾಖೆಯ ಮಾತು ಕೇಳಿ ಎಷ್ಟು ಬಾಗಿಲು ಮುಚ್ಚಿದೀನಿ, ಎಷ್ಟು ಮತ್ತೆ ತೆಗೆದಿದೀನಿ ಅಂತ ನನಗೆ ಗೊತ್ತು. ಮತ್ತೆ ಒಡೆಯೋಕೆ ನನ್ನನ್ನೇ ಕರೀತೀರಿ. ಸೊಂಟ ನೋವು ಅಕ್ಕ, ಇಟ್ಟಿಗೆ ಗೋಡೆ ಒಡೆಯೋದು ಕಷ್ಟ."

ಅಧಿಕಾರಿ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಮರುದಿನ ಅವರೇ ಬಂದು ಗೋಡೆ ತಟ್ಟಿ ನೋಡಿದರು. ಡಬಡಬ ಅಂದಿತು. ಗಾರೆಯವನು ಅರ್ಧ ಗಂಟೆಯಲ್ಲಿ ಹಲಗೆ ಕಿತ್ತ. ಹಳೇ ಬಾಗಿಲು ಹಿಡಿಕೆಯ ಸಮೇತ ನಿಂತಿತ್ತು. ಹೆಡ್‌ಮಿಸ್ ಅದನ್ನು ನೋಡಿ ಅಳಲೋ, ಗಾರೆಯವನ ಬೆನ್ನಿಗೆ ಎರಡು ಬಾರಿಸಲೋ ತಿಳಿಯದೆ, ಒಳಗೆ ಹೋಗಿ ಅವನಿಗೊಂದು ತಟ್ಟೆ ಊಟ ತಂದಿಟ್ಟಳು.

'ಬಾಗಿಲನ್ನು ತಾತ್ಕಾಲಿಕವಾಗಿ ಮರೆಮಾಡಲಾಗಿತ್ತು, ಬದಲಿಸಿರಲಿಲ್ಲ' ಎಂದು ಅಧಿಕಾರಿ ಬರೆದರು. ಲೈಸೆನ್ಸ್ ಬಂತು. ಅದರಲ್ಲೊಂದು ಷರತ್ತು: ಗಿರಾಕಿಗಳಿಗೆ ಒಂದೇ ಬಾಗಿಲು, ಓಣಿಯದು ಮುಚ್ಚಬೇಕು.

ಬಾರಿನ ಬಾಗಿಲಿನಿಂದ ಟೀಚರುಗಳು ಬರುವುದು ಹೇಗೆ? ಮೂರು ದಿನ ಯಾರೂ ಬರಲಿಲ್ಲ. ಅಡುಗೆ ಅದೇ, ಕೈ ಅದೇ. "ಬಾಗಿಲಿಗಿರೋ ಮರ್ಯಾದೆ ಅನ್ನಕ್ಕಿಲ್ಲ" ಎಂದು ಹೆಡ್‌ಮಿಸ್ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿದಳು. ನಾಲ್ಕನೆಯ ದಿನ ಶಾಲೆಯಿಂದ ಚೀಟಿ ಬಂತು: ಹನ್ನೆರಡು ಊಟ, ಕ್ಯಾರಿಯರಿನಲ್ಲಿ ಕಳಿಸಲಾದೀತೇ? ಮೈದುನ ಸೈಕಲ್ ಹತ್ತಿದ.

ಎರಡು ವರ್ಷದಲ್ಲಿ ಹನ್ನೆರಡು ಊಟ ಎಪ್ಪತ್ತಾಯಿತು. ಬ್ಯಾಂಕು, ಆಸ್ಪತ್ರೆ, ಕೊನೆಗೆ ಅಬಕಾರಿ ಕಚೇರಿಯವರೂ ತರಿಸಿಕೊಳ್ಳತೊಡಗಿದರು. ಬಾರಿನ ಹಳೇ ಗಿರಾಕಿಗಳಲ್ಲಿ ಅರ್ಧ ಜನ ನಾಲ್ಕನೇ ಗ್ಲಾಸೂ ಸಿಗುವ ಇನ್ನೊಂದು ಬಾರಿಗೆ ಹೊಂದಿಕೊಂಡಿದ್ದರು. ಸಂಜೆ ಮೂರೋ ನಾಲ್ಕೋ ಮೇಜು ತುಂಬಿದರೆ ಹೆಚ್ಚು. ಮತ್ತೆ ನವೀಕರಣದ ಕಾಲ ಬಂದಾಗ ಮೈದುನ ಕೇಳಿದ, "ಇನ್ನು ಈ ಲೈಸೆನ್ಸ್ ಯಾಕೆ ಅತ್ತಿಗೆ? ವಾಪಸ್ ಕೊಟ್ಟುಬಿಡೋಣ. ಊಟದಲ್ಲೇ ನೆಮ್ಮದಿಯಾಗಿದೀವಿ."

ಹೆಡ್‌ಮಿಸ್ ಫಾರಂ ತುಂಬುತ್ತಿದ್ದವಳು ತಲೆ ಎತ್ತಲಿಲ್ಲ.

"ವಿಚಾರಿಸಿದೆ. ವಾಪಸ್ ಕೊಡೋಕೂ ಒಂದು ಫಾರಂ ಇದೆಯಂತೆ. ಇದು ನಾಲ್ಕು ಪುಟ. ಅದು ಹನ್ನೊಂದು."

ಸಹಿ ಮಾಡಿ, ದಿನಾಂಕ ಹಾಕಿ, ಫಾರಂ ಮಡಿಚಿ ಚೀಲಕ್ಕೆ ಹಾಕಿಕೊಂಡು ಆಕೆ ಕಚೇರಿಗೆ ಹೊರಟಳು.