ಹಾಜರಿಯಲ್ಲಿ ಇಲ್ಲದವಳು

ಒಳ್ಳೆಯ ಪ್ರಾಥಮಿಕ ಶಿಕ್ಷಕನ ಗುಣಗಳನ್ನು ಬರೆಯಿರಿ ಎಂದು ತರಬೇತಿಯ ಪರೀಕ್ಷೆಯಲ್ಲಿ ಕೇಳಿದ್ದರು. ಗೆಳತಿಯರೆಲ್ಲ ತಾಳ್ಮೆ, ಶುಚಿತ್ವ, ಮಮತೆ ಎಂದು ಬಾಯಿಪಾಠ ಮಾಡಿ ಬಂದಿದ್ದರು. ನನಗೆ ಬಾಯಿಪಾಠ ಬೇಕಾಗಲಿಲ್ಲ. ನಮ್ಮೂರ ಮಾಸ್ತರರನ್ನು ಕಣ್ಣಮುಂದೆ ನಿಲ್ಲಿಸಿಕೊಂಡು ಬರೆದೆ, ಎಲ್ಲರಿಗಿಂತ ಹೆಚ್ಚು ಅಂಕ ಬಂತು. ಬರೆಯುವಷ್ಟು ಹೊತ್ತೂ ಅವರ ಮೇಲೆ ಸಿಟ್ಟಿತ್ತು.

ಹುಮನಾಬಾದಿಗೆ ನಡೆದು ಹೋಗಬಹುದಾದಷ್ಟು ದೂರದಲ್ಲಿ ನಮ್ಮೂರು. ನಾನು ಚಿಕ್ಕವಳಿದ್ದಾಗ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಎರಡು ಮೂರು ವರ್ಷವಾಗಿತ್ತೇನೋ. ಸಾಲಿ ಎಂದರೆ ಒಂದೇ ಕೋಣೆ, ಒಬ್ಬರೇ ಮಾಸ್ತರರು. ಬಸವಕಲ್ಯಾಣದವರು. ಉರ್ದುವಿನಲ್ಲಿ ಓದಿದ್ದರಿಂದ ಕನ್ನಡದ ಪಾಠವನ್ನು ಅವರೂ ನಮ್ಮ ಜೊತೆಗೇ ಕಲಿಯುತ್ತಿದ್ದರು. ಬರದಿದ್ದರೆ "ಇದು ನನಗೂ ಬರಂಗಿಲ್ಲ, ನಾಳಿ ಕೇಳ್ಕೊಂಡು ಬರ್ತೀನಿ" ಎನ್ನುತ್ತಿದ್ದರು. ನಮ್ಮ ಮೂಗು ಒರೆಸುತ್ತಿದ್ದರು, ಉಗುರು ಕತ್ತರಿಸುತ್ತಿದ್ದರು. ಛಡಿ ಇತ್ತು, ಒಳಗೆ ನುಗ್ಗುವ ನಾಯಿಗೆ ತೋರಿಸಲು ಮಾತ್ರ.

ನಾನು ಉಗ್ಗುತ್ತಿದ್ದೆ. ನನ್ನ ಹೆಸರಿನ ಮೊದಲ ಅಕ್ಷರವೇ ನನಗೆ ವೈರಿ. ಒಂದು ಬೆಳಿಗ್ಗೆ ಅವ್ವ ಮತ್ತು ನಾನು ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದಾಗ ಮಾಸ್ತರರು ಓಣಿಯಲ್ಲಿ ಹಾದುಹೋದರಂತೆ. ಸಾಲಿಗೆ ಹೋದ ಕೂಡಲೇ ಕರೆದು, "ತಂಗಿ, ಹಾಡುವಾಗ ನೀ ಉಗ್ಗಂಗಿಲ್ಲ. ಜೋಳ ಬೀಸಾಕತ್ತೀನಿ ಅಂತ ತಿಳ್ಕೊಂಡು ಮಗ್ಗಿ ಹೇಳು" ಎಂದರು. ಬೀಸುವ ಪದದ ಧಾಟಿಯಲ್ಲಿ ಎರಡರ ಮಗ್ಗಿ ಎಲ್ಲೂ ತಡೆಯದೆ ಹರಿದುಬಂತು. ಆ ದಿನದಿಂದ ಅವರು ಹಗಲನ್ನು ರಾತ್ರಿ ಎಂದರೂ ನಾನು ಹೌದೆನ್ನುತ್ತಿದ್ದೆ.

ಸಾಲಿಯ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ನಾನು ಅವರೆದುರು ಹನ್ನೆರಡರ ಮಗ್ಗಿ ಹಾಡಬೇಕೆಂದು ಒಂದು ತಿಂಗಳಿಂದ ಅಭ್ಯಾಸ ಮಾಡಿದ್ದೆ. ನನ್ನನ್ನು ಮೂಗಿ ಎನ್ನುತ್ತಿದ್ದ ಊರಿಗೆಲ್ಲ ಅಂದು ತೋರಿಸಬೇಕಿತ್ತು. ಹಿಂದಿನ ದಿನ ಮಾಸ್ತರರು ನನ್ನನ್ನು ಬದಿಗೆ ಕರೆದರು. "ನಾಳಿ ನಿನಗೊಂದು ದೊಡ್ಡ ಕೆಲಸ ಅದ. ಗೌಡ್ರ ಮನ್ಯಾಗ ಸಾಹೇಬ್ರ ಊಟ ತಯಾರ ಆಗ್ತದ, ಬುಟ್ಟಿ ನೀನೇ ತರಬೇಕು. ಜರಾ ತಡಾ ಆದ್ರೂ ನಡೀತದ."

"ಮ-ಮಗ್ಗಿ ರೀ?"

"ಅದು ಆಮ್ಯಾಲ ನೋಡೂಣು."

ಇಷ್ಟು ಮಕ್ಕಳಲ್ಲಿ ನನ್ನನ್ನೇ ಆರಿಸಿದರಲ್ಲ ಎಂದು ಹಿಗ್ಗಿದೆ. ಮಗ್ಗಿ ತಪ್ಪೀತೆಂಬ ಭಯಕ್ಕೆ ಗೌಡಸಾನಿಯ ಜೀವ ತಿಂದು, ಹೋಳಿಗೆ ಆರುವ ಮೊದಲೇ ಕಟ್ಟಿಸಿಕೊಂಡು ಓಡಿದೆ. ತಡವಾದರೂ ನಡೆಯುತ್ತದೆ ಎಂದಿದ್ದು ತಡ ಮಾಡು ಎಂಬ ಅರ್ಥದಲ್ಲಿ ಎಂದು ಆ ವಯಸ್ಸಿಗೆ ಹೇಗೆ ತಿಳಿಯಬೇಕು?

ಬಾಗಿಲಲ್ಲಿ ನಿಂತಾಗ ಸಾಹೇಬರು ಇನ್ನೂ ಪ್ರಶ್ನೆ ಕೇಳುತ್ತಿದ್ದರು. ಓದಲು ಬಾರದ ನಾಲ್ಕೈದು ಮಕ್ಕಳ ಜಾಗ ಖಾಲಿ ಇತ್ತು. ನನ್ನ ಜಾಗದಲ್ಲಿ ಚೆನ್ನಾಗಿ ಓದುತ್ತಿದ್ದ ಕುಲಕರ್ಣಿಯವರ ಮಗಳು ಕೂತಿದ್ದಳು.

"ಈಕಿ ಯಾರು?" ಎಂದರು ಸಾಹೇಬರು.

ಮಾಸ್ತರರು ನನ್ನ ಕಡೆ ನೋಡಲಿಲ್ಲ. "ಗೌಡ್ರ ಮನಿ ಕೆಲಸದ ಹುಡುಗಿ ಅದರಿ. ಸಾಲಿಗಿ ಬರಂಗಿಲ್ಲ."

ಅವ್ವ ಗೌಡರ ಮನೆಯಲ್ಲಿ ಕಾಳು ಹಸನು ಮಾಡುತ್ತಿದ್ದಳು. ಹಾಗಾಗಿ ಆ ಸುಳ್ಳಿನಲ್ಲಿ ಅರ್ಧ ನಿಜವಿತ್ತು, ನನಗೆ ಹೆಚ್ಚು ಚುಚ್ಚಿದ್ದು ಆ ಅರ್ಧವೇ. ಸಾಹೇಬರು ಒಳ್ಳೆಯವರು. "ಸಾಲಿಗಿ ಕರಕೊಳ್ರಿ ಮಾಸ್ತರ. ನಿನ್ನ ಹೆಸರೇನವ್ವಾ?" ಎಂದು ಕೇಳಿದರು. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡಿತು. ಹಾಡಿದ್ದರೆ ಬರುತ್ತಿತ್ತೇನೋ, ಆದರೆ ಸ್ವಂತ ಹೆಸರನ್ನು ಯಾರು ಹಾಡಿ ಹೇಳುತ್ತಾರೆ?

"ಆಕಿಗಿ ಮಾತು ಬರಂಗಿಲ್ರಿ" ಎಂದರು ಮಾಸ್ತರರು, ಬುಟ್ಟಿ ಇಳಿಸಿಕೊಂಡರು. ದಿನವೂ ನನ್ನ ಜೊತೆ ಕೂತು ಮಗ್ಗಿ ಹೇಳುತ್ತಿದ್ದ ಮಕ್ಕಳು ತಲೆ ತಗ್ಗಿಸಿ ಪಾಟಿ ನೋಡುತ್ತಿದ್ದರು.

ಮರುದಿನ ನಾನು ಸಾಲಿಗೆ ಹೋಗಲಿಲ್ಲ. ಸಂಜೆ ಅವರೇ ಮನೆಗೆ ಬಂದರು. ನೌಕರಿ ಇನ್ನೂ ಕಾಯಂ ಆಗಿಲ್ಲ, ಮಕ್ಕಳು ತಪ್ಪು ಹೇಳಿದರೆ ಸಾಹೇಬರು ಏನು ಬರೆದುಬಿಡುತ್ತಾರೋ ಎಂದು ಅವ್ವನ ಮುಂದೆ ಹೇಳಿಕೊಂಡರು. ಅವ್ವ ಅವರಿಗೆ ಚಹಾ ಕೊಟ್ಟು ನನ್ನನ್ನೇ ಬೈದಳು: "ಮಾಸ್ತರ್ರು ಮನಿ ತನಕ ಬಂದಾರ, ಇನ್ನ ಏನ ಬೇಕು ನಿನಗ?"

ಹೋದೆ. ಅವರು ಮೊದಲಿನ ಹಾಗೆಯೇ ಕಲಿಸಿದರು. ಅಷ್ಟೇ ತಾಳ್ಮೆ, ಅಷ್ಟೇ ಅಕ್ಕರೆ. ನಾನು ಓದಿ ಟೀಚರ್ ಆಗಿದ್ದು ಅವರಿಂದಲೇ, ಸುಳ್ಳೇಕೆ ಹೇಳಲಿ. ಕೆಟ್ಟ ಮಾಸ್ತರರಾಗಿದ್ದರೆ ಶಾಪ ಹಾಕಿ ಮರೆತುಬಿಡುತ್ತಿದ್ದೆ. ನಂಬಿಸಿ ಕುತ್ತಿಗೆ ಕೊಯ್ದವರು ಒಳ್ಳೆಯವರಾಗಿದ್ದರೆ ಸಿಟ್ಟನ್ನು ಎಲ್ಲಿಡುವುದು? ಇಪ್ಪತ್ತೈದು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡೆ. ನನ್ನ ತರಗತಿಯಲ್ಲಿ ತಪಾಸಣೆಯ ದಿನ ಒಂದು ಮಗುವನ್ನೂ ಹೊರಗೆ ಕಳಿಸಲಿಲ್ಲ. ಅದಕ್ಕಾಗಿ ಬೈಸಿಕೊಂಡಿದ್ದೂ ಇದೆ.

ಅವರು ನಿವೃತ್ತರಾದ ಮೇಲೆ, ಕೇಳಿಯೇಬಿಡಬೇಕೆಂದು ಬಸವಕಲ್ಯಾಣಕ್ಕೆ ಹೋದೆ. ನೋಡಿದ ತಕ್ಷಣ ಗುರುತು ಹಿಡಿದು ಹೆಂಡತಿಯನ್ನು ಕೂಗಿದರು: "ಹೇಳ್ತಿದ್ನಲ್ಲ, ಬೀಸೋ ಹಾಡಿನ್ಯಾಗ ಮಗ್ಗಿ ಕಲಿಸಿದ್ದೆ ಅಂತ, ಅದೇ ಹುಡುಗಿ! ಈಗ ಟೀಚರ್ ಆಗ್ಯಾಳ!"

ಚಹಾ ಮುಗಿದ ಮೇಲೆ ಕೇಳಿದೆ. "ಸರ್, ತಪಾಸಣಿ ದಿನ ನನ್ನ ಯಾಕ ಗೌಡ್ರ ಮನಿಗಿ ಕಳಿಸಿದ್ರಿ?"

ಅವರು ನೆನಪು ಮಾಡಿಕೊಳ್ಳಲು ನೋಡಿದರು. ನಾಟಕವಾಡುತ್ತಿರಲಿಲ್ಲ, ನಿಜಕ್ಕೂ ಹುಡುಕುತ್ತಿದ್ದರು.

"ಪ್ರತಿ ತಪಾಸಣಿಗಿ ನಾಕೈದು ಮಕ್ಕಳಿಗಿ ಏನರೆ ಕೆಲಸ ಹೇಳಿ ಕಳಸ್ತಿದ್ದೆವ್ವಾ" ಎಂದರು. "ಅದರಾಗ ನೀನೂ ಇದ್ದೇನು?"