ಸರೇಸು, ಜೋನಿಬೆಲ್ಲ ಮತ್ತು ನಮ್ಮ ಬಾವಿಯ ಪುಸ್ತಕ

ನಮ್ಮ ಪುಸ್ತಕವನ್ನು ಮೊದಲು ಬೇಡವೆಂದವರು ಪೇಟೆಯ ಒಂದು ಪ್ರೆಸ್ಸಿನವರು. ಆಗುವುದಿಲ್ಲ ಎಂದು ನೇರವಾಗಿ ಹೇಳಿದ್ದರೆ ಸುಮ್ಮನಾಗಬಹುದಿತ್ತು. ಬಾವಿಯ ಕಥೆಯೊಂದನ್ನು ತೆಗೆಯಿರಿ, ಉಳಿದದ್ದನ್ನು ಚೆಂದ ಮಾಡಿ ಅಚ್ಚು ಹಾಕಿಕೊಡುತ್ತೇವೆ ಎಂದರು. ಅದನ್ನು ತೆಗೆದರೆ ಉಳಿಯುವುದು ಒಂದಿಷ್ಟು ಸೋಬಾನೆ ಪದ, ನರಿ ಕಥೆ. ಅಷ್ಟಕ್ಕೆ ಪುಸ್ತಕ ಯಾಕೆ?

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯಲ್ಲಿ ನಮ್ಮ ಊರು, ಊರಿನ ಹೊರಗೆ ನಮ್ಮ ಕೇರಿ. ನಾನು ಎರಡನೇ ಕ್ಲಾಸಿಗೆ ಬಿಟ್ಟವಳು. ಅಕ್ಷರ ಗೊತ್ತು, ಆದರೆ ಒಂದು ಸಾಲು ಓದುವಷ್ಟರಲ್ಲಿ ಒಲೆಯ ಮೇಲಿನ ಅನ್ನ ಸೀದು ಹೋಗುತ್ತಿತ್ತು. ಕಥೆ ನನ್ನ ಅತ್ತೆಯದು. ಮಳೆ ಕೈಕೊಟ್ಟ ಒಂದು ವರ್ಷ ನಮ್ಮ ಕೇರಿಯ ನಾಲ್ಕು ಹೆಂಗಸರು ಗುದ್ದಲಿ ಹಿಡಿದು ಊರ ಬಾವಿ ತೋಡಿದರು. ನೀರು ಬಿದ್ದ ದಿನವೇ ಊರಿನವರು ಮುಟ್ಟಬೇಡಿ ಎಂದು ಅವರನ್ನು ಬಾವಿಕಟ್ಟೆಯಿಂದ ಕೆಳಗಿಳಿಸಿದರು. ಆ ನಾಲ್ವರಲ್ಲಿ ಒಬ್ಬಳು ಅತ್ತೆಯ ಅತ್ತೆ. ಊರಿನ ದೊಡ್ಡವರು ಅಚ್ಚು ಹಾಕಿಸಿದ್ದ ಊರ ಚರಿತ್ರೆಯಲ್ಲಿ ಬಾವಿ ತೋಡಿಸಿದ ಪುಣ್ಯ ಬೇರೆಯವರದು. ಕಿರಿಮಗ ಅದನ್ನು ಓದಿ ಹೇಳಿದ ದಿನ ಅತ್ತೆ ಊಟವನ್ನೇನೂ ಬಿಡಲಿಲ್ಲ. ಎರಡು ರೊಟ್ಟಿ ತಿಂದು, ಕೈ ತೊಳೆದು ಹೇಳಿದಳು:

"ನಂದೂ ಹಂಗೇ ಅಚ್ಚಾಗ್ಬೇಕು. ನಾನು ಹೇಳ್ದಂಗೇ. ಒಂದ್ ಮಾತು ಆಕಡೆ ಈಕಡೆ ಆದ್ರೂ ಒಲಿಗೆ ಹಾಕ್ತೀನಿ."

ಅವಳ ಎದೆ ಸೋತಿದೆ, ಇನ್ನೊಂದು ಮಳೆಗಾಲ ಕಂಡರೆ ಹೆಚ್ಚು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವಳಿಗೂ ಅದು ಗೊತ್ತಿತ್ತು.

ಬರೆದುಕೊಂಡವನೂ ಆ ಕಿರಿಮಗನೇ, ನನ್ನ ಮೈದುನ, ಸೊರಬದಲ್ಲಿ ಮೇಷ್ಟ್ರು. ಪೇಟೆಯ ಪ್ರೆಸ್ಸಿನಿಂದ ವಾಪಸ್ಸು ಬಂದವನು ಕಟ್ಟೆಯ ಮೇಲೆ ಕೂತು ಹೇಳಿದ:

"ಅಮೆರಿಕದಾಗೆ ಕರಿಯರು ಅಂತ ಅದಾರೆ ಅವ್ವಾ. ಅವರ ಕಥೆನ ಬ್ಯಾರೇರು ಅಚ್ಚು ಹಾಕಲ್ಲ ಅಂದ್ರೆ ತಮ್ದೇ ಪ್ರೆಸ್ಸು ಇಟ್ಕಂಡು ತಾವೇ ಹಾಕ್ಕಂತಾರಂತೆ."

"ಅವರಿಗೂ ಬಾವಿ ಮುಟ್ಟಾಕೆ ಬಿಡಲ್ಲೇನು?"

"ಬಿಡ್ತಿರ್ಲಿಲ್ಲಂತೆ. ನಲ್ಲೀನೂ ಬ್ಯಾರೆ, ಬಸ್ಸಿನ ಸೀಟೂ ಬ್ಯಾರೆ."

"ಹಂಗಾದ್ರೆ ನಮ್ಮೋರೇ ಬಿಡು. ಮಷೀನು ಎಲ್ಲಿ ಸಿಗ್ತೈತೆ ಕೇಳು."

ಸಿಕ್ಕಿದ್ದು ಶಿಕಾರಿಪುರದ ಒಬ್ಬ ಸಾಬರ ಹತ್ತಿರ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲು ಹೊಡೆಯುತ್ತಿದ್ದವರು, ಕಣ್ಣು ಮಂಜಾಗಿ ಪ್ರೆಸ್ಸು ಮುಚ್ಚಿದ್ದರು. ಕಾಲಲ್ಲಿ ತುಳಿಯುವ ಹಳೆಯ ಟ್ರೆಡಲ್ ಮಷೀನು. ಮೈದುನನಿಗೆ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಸಿ, ಮಷೀನನ್ನು ಎತ್ತಿನ ಗಾಡಿಗೆ ಹೇರಿಸಿ, ತಾವೂ ಬಸ್ಸು ಹತ್ತಿ ಬಂದರು. ಗಾಡಿ ಕೇರಿಗೆ ತಿರುಗಿದಾಗ ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ಮದುಮಗಳು ಬಂದಾಗಲೂ ನಮ್ಮ ಕೇರಿಯಲ್ಲಿ ಅಷ್ಟು ಜನ ಸೇರಿದ್ದನ್ನು ನಾನು ಕಂಡಿಲ್ಲ. ಮುಂದಿನ ವಾರದ ಭಾನುವಾರ ಸೊರಬದಲ್ಲಿ ಸುತ್ತಲಿನ ಕೇರಿಗಳ ಸಭೆ. ಉಡುತಡಿ, ತೊಗರ್ಸಿ, ಚಂದ್ರಗುತ್ತಿ ಕಡೆಯವರೆಲ್ಲ ಬರುವವರಿದ್ದರು. ಅವತ್ತು ಅತ್ತೆಯ ಎದುರಿಗೇ ಪುಸ್ತಕ ಎಲ್ಲರ ಕೈಗೆ ಹೋಗಬೇಕು ಎಂಬುದು ನಮ್ಮ ಹಟ.

ಗೋಣಿ ಬಿಚ್ಚಿ ನೋಡಿದರೆ ಮಸಿ ಹಚ್ಚುವ ರೋಲರುಗಳನ್ನು ಇಲಿ ತಿಂದು ಮುಗಿಸಿತ್ತು. ಒಳಗಿನ ಕಬ್ಬಿಣದ ಸರಳು ಮಾತ್ರ ಉಳಿದಿತ್ತು.

"ಇಲಿ ರಬ್ಬರ್ ತಿಂತಾವೇನ್ರೀ?" ಎಂದು ಸಾಬರನ್ನು ಕೇಳಿದೆ.

"ರಬ್ಬರ್ ಅಲ್ಲಮ್ಮ. ಸರೇಸಿಗೆ ಜೋನಿಬೆಲ್ಲ ಹಾಕಿ ಎರಕ ಹೊಯ್ದಿದ್ದು. ಬೆಲ್ಲದ ವಾಸ್ನಿಗೆ ಬಂದಾವೆ. ಹೊಸಾದು ಹೊಯ್ಯಾಕೆ ಸರೇಸು ಹುಬ್ಬಳ್ಳಿಯಿಂದ ತರಿಸ್ಬೇಕು, ತಿಂಗಳು ಹಿಡೀತದೆ."

ಮೈದುನ ತಲೆಯ ಮೇಲೆ ಕೈ ಹೊತ್ತು ಕೂತ. ನನಗೆ ಮಾತ್ರ ಒಳಗೊಳಗೇ ಕುಣಿಯುವಂತಾಯಿತು. ನನ್ನ ಅಪ್ಪ ಚರ್ಮ ಹದ ಮಾಡುವವನು. ಉಳಿದ ಚೂರುಗಳನ್ನು ಕುದಿಸಿ, ಸೋಸಿ, ಸರೇಸಿನ ಅಂಟು ಮಾಡಿ ಬಡಗಿಗಳಿಗೆ ಕೊಡುತ್ತಿದ್ದ. ಆ ಹಂಡೆಯ ಮುಂದೆ ಕೂರಲೆಂದೇ ನನ್ನ ಶಾಲೆ ಬಿಡಿಸಿದ್ದು.

"ಹಂಗಾದ್ರೆ ಪ್ಯಾಟಿ ಮಂದಿ ಲಗ್ನಪತ್ರಿಕೆ ಎಲ್ಲಾ ನಮ್ಮ ಸರೇಸಿನ ಮ್ಯಾಲೇ ಉರುಳಿದ್ದೇನು?" ಎಂದೆ.

"ಮ್ಯಾಲೆ ದೇವ್ರ ಚಿತ್ರ ಇದ್ದ ಪತ್ರಿಕೇನೂ ಹಂಗೇ," ಎಂದು ಸಾಬರು ನಕ್ಕರು. "ಇಷ್ಟು ವರ್ಷ ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ತವರಿಗೆ ಹೋಗಿ ಒಣಗಿದ ಸರೇಸು ತಂದೆ. ಮೊದಲ ಸಲ ಕೆಡಿಸಿದೆ. ನೇರವಾಗಿ ಉರಿಯ ಮೇಲೇ ಇಟ್ಟು, ಕೈ ಬಂದಷ್ಟು ಬೆಲ್ಲ ಸುರಿದೆ. ಮಷೀನಿನ ಜೊತೆ ಬಂದಿದ್ದ ಎರಕದ ಕೊಳವೆಯಿಂದ ಎಳೆದರೆ ಅಂಟು ಅಂಟಾಗಿ ಕೈಗೆ ಬಂತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

"ರೋಲರ್ ಮಾಡ್ತೀಯೋ, ಹೋಳಿಗಿ ಹೂರಣ ಮಾಡ್ತೀಯೋ?"

"ಬಾಯಿಗೆ ಹಾಕ್ಕಂಡು ನೋಡಿ ಹೇಳು," ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಎರಡನೇ ಸಲ ಸರೇಸನ್ನು ಒಂದು ದಿನ ನೆನೆಹಾಕಿ, ನೀರಿನ ಹಂಡೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ನಿಧಾನ ಕರಗಿಸಿದೆ. ಬೆಲ್ಲವನ್ನು ಸೌಟಿನಲ್ಲಿ ಅಳೆದೆ. ನಾತ ಕೇರಿ ತುಂಬಿತು. ಯಾರೂ ಮೂಗು ಮುಚ್ಚಲಿಲ್ಲ. ಕೊಳವೆಗೆ ಎಣ್ಣೆ ಸವರಿ, ನಡುವೆ ಸರಳು ನಿಲ್ಲಿಸಿ ಹೊಯ್ದೆವು. ಮರುದಿನ ಎಳೆದಾಗ ಜಾರಿಕೊಂಡು ಬಂತು, ನುಣ್ಣಗೆ, ಹೊಳೆಯುತ್ತ. ಸಾಬರಿಗೆ ಕಣ್ಣು ಸರಿಯಾಗಿ ಕಾಣದು. ಬೆರಳಲ್ಲಿ ಹಿಂಡಿ ನೋಡಿದರು, ಆಮೇಲೆ ತಮ್ಮ ಕಿವಿಯ ಹಾಲೆ ಹಿಂಡಿಕೊಂಡರು.

"ಎರಡೂ ಒಂದೇ ಹದ. ಮೂವತ್ತು ವರ್ಷ ಮಾಡಿದೀನಿ, ಇಂಥಾದ್ದು ನನಗೂ ಬಂದಿಲ್ಲ."

ಬೇಸಿಗೆಯಾದ್ದರಿಂದ ಬಿಸಿಲೇರಿದರೆ ರೋಲರು ಮೆತ್ತಗಾಗುತ್ತಿತ್ತು. ಹಾಗಾಗಿ ಬೆಳಗು ಹರಿಯುತ್ತಲೇ ಶುರು, ಬಿಸಿಲು ಹೊಸ್ತಿಲು ದಾಟುವುದರೊಳಗೆ ಬಂದ್. ನನ್ನ ಗಂಡ ತುಳಿದ, ಮೈದುನ ಹಾಳೆ ಕೊಟ್ಟ, ನಾನು ತೆಗೆದು ಹಗ್ಗಕ್ಕೆ ಹಾಕಿದೆ. ಮೊದಲ ಹಾಳೆ ಕೈಗೆ ಬಂದಾಗ ಮಸಿ ಇನ್ನೂ ಹಸಿ. ಬೆರಳಿಟ್ಟು 'ಬಾವಿ' ಎಂದು ಓದಿದೆ. ಬೆರಳಿಗೆ ಹತ್ತಿದ ಮಸಿಯನ್ನು ಅವತ್ತು ತೊಳೆಯಲಿಲ್ಲ. ಅತ್ತೆ ಒಂದೊಂದು ಹಾಳೆಯನ್ನೂ ಓದಿಸಿ ಕೇಳಿದಳು, ಒಂದೊಂದಕ್ಕೂ "ಹೂಂ, ನಂದೇ" ಎಂದಳು. ಶನಿವಾರದ ಹೊತ್ತಿಗೆ ಹೊಲಿದು ಕಟ್ಟಿದೆವು.

ಭಾನುವಾರ ಸೊರಬದ ಸಭೆಯಲ್ಲಿ ಅತ್ತೆಯನ್ನು ಮುಂದೆ ಕೂರಿಸಿ ಮೈದುನ ಓದಿದ. ಜನ ಹಾ ಎನ್ನುವುದೇನು, ಇನ್ನೊಂದು ಸಲ ಓದಿ ಎನ್ನುವುದೇನು. ಪುಸ್ತಕ ತೆಗೆದುಕೊಳ್ಳಲು ನೂಕುನುಗ್ಗಲು. ಬಸ್ಸಿಗೆ ಹೊತ್ತಾಯಿತೆಂದು ಕೆಲವರು ಆಗಲೇ ಎದ್ದು ಹೋದರು. ಆಗ ಚಂದ್ರಗುತ್ತಿ ಕಡೆಯ ಒಬ್ಬ ಮುದುಕಿ ಎದ್ದು ನಿಂತಳು.

"ತೋಡಿದ್ದು ನಾಕು ಜನ, ಸರಿ. ಮ್ಯಾಲೆ ನಿಂತು ಹಗ್ಗದಾಗೆ ಮಣ್ಣು ಎಳದಾಕಿ ಯಾರು? ನಮ್ಮಜ್ಜಿ. ಆ ವರ್ಷನೇ ಊರು ಬಿಟ್ಟು ನಮ್ಮ ಕಡಿಗೆ ಬಂದ್ಲು. ಆಕಿ ಎಲ್ಲಿ ಈ ಪುಸ್ತಕದಾಗೆ?"

ಅತ್ತೆ ತಿರುಗಿ ನೋಡಿದಳು. ಒಂದು ಮಾತಿಗೂ ಜಗ್ಗದ ಹೆಂಗಸು ಇವಳು.

"ನಿಮ್ಮಜ್ಜಿ ಹಾಡ್ತಿದ್ಲೇನು?" ಎಂದು ಕೇಳಿದಳು ಅತ್ತೆ.

"ಹಾಡದೆ ಇರ್ತಿರ್ಲಿಲ್ಲ. ಸಾಯೋ ದಿನಾನೂ ಹಾಡಿದ್ಲು."

"ಮ್ಯಾಲೆ ಒಬ್ಬಾಕಿ ಹಾಡ್ತಾ ನಿಂತಿದ್ಲು ಅಂತ ನಮ್ಮತ್ತೆ ಹೇಳ್ತಿದ್ಲು. ಹಾಡಾಕಿ ತಾನೇ ಅಂತ ನಾನು ಲೆಕ್ಕಕ್ಕೆ ಹಿಡೀಲಿಲ್ಲ." ಮೈದುನನ ಕಡೆ ನೋಡಿದಳು. "ಐದು ಅಂತ ಮಾಡು."

"ಅವ್ವಾ, ಅಚ್ಚಾಗೈತೆ. ಒಂದ್ ಮಾತೂ ಬದಲಾಗ್ಬಾರ್ದು ಅಂದಾಕಿ ನೀನೇ."

"ಊರ ಪುಸ್ತಕದಾಗೆ ನಾವಿಲ್ಲ. ನಮ್ಮ ಪುಸ್ತಕದಾಗೆ ಇವರಜ್ಜಿ ಇಲ್ಲ. ಪೆನ್ನು ತಗಿ."

ಪುಸ್ತಕ ಬಹಳ, ಮೈದುನನ ಕೈ ಒಂದೇ. ಇನ್ನೊಂದು ಪೆನ್ನು ನನ್ನ ಕೈಗೆ ಬಂತು. ಹೆಂಗಸರೆಲ್ಲ ತಮ್ಮ ತಮ್ಮ ಪುಸ್ತಕ ತೆರೆದು ಸಾಲಾಗಿ ನಿಂತರು. 'ನಾಲ್ಕು' ಎಂಬುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ 'ಐದು' ಎಂದು ಬರೆಯುತ್ತ ಹೋದೆ. ಮೊದಲಿನವು ಸೊಟ್ಟ, ಆಮೇಲಿನವು ಪರವಾಗಿಲ್ಲ. ಚಂದ್ರಗುತ್ತಿಯ ಮುದುಕಿ ತನ್ನದಕ್ಕೆ ಎರಡು ಸಲ ಬರೆಸಿಕೊಂಡಳು, ಒಂದು ಅಳಿಸಿದರೆ ಇನ್ನೊಂದು ಇರಲಿ ಎಂದು.

ತೊಗರ್ಸಿಯವರ ಬಸ್ಸು ಅಷ್ಟೊತ್ತಿಗೆ ಹೊರಟುಹೋಗಿತ್ತು. ಅವರು ಒಯ್ದ ಪುಸ್ತಕಗಳಲ್ಲಿ ಈಗಲೂ ನಾಲ್ಕೇ ಜನ.